ಮೊದಲು ನಂಬಬೇಕಾದವರು ಯಾರು



ಸಾಂಕ್ರಾಮಿಕ ಬಂದಾಗ ಜನ ವಿಜ್ಞಾನವನ್ನು ಯಾಕೆ ನಂಬುವುದಿಲ್ಲ ಎಂಬುದರ ಮೇಲೆ ಮಾತಾಡಬೇಕೆಂದು ಸಂಘಟಕರು ಕೇಳಿದ್ದರು. ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಈ ಪ್ರಶ್ನೆಯನ್ನು ಎಷ್ಟೋ ಸಭೆಗಳಲ್ಲಿ ಕೇಳಿಸಿಕೊಂಡಿದ್ದೇನೆ. ಪ್ರತಿ ಸಲವೂ ಚರ್ಚೆ ಜನರಿಗೆ ತಿಳಿವಳಿಕೆ ಸಾಲದು ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು, ಅಷ್ಟರಲ್ಲಿ ಚಹಾ ಬರುತ್ತಿತ್ತು. ಅಧಿಕಾರಿಗಳು ಜನರನ್ನು ಯಾಕೆ ನಂಬುವುದಿಲ್ಲ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಇವತ್ತು ಅದನ್ನು ಕೇಳೋಣ. ನನ್ನ ವಾದ ಸಣ್ಣದು: ಅಪನಂಬಿಕೆ ಮೊದಲು ಕಚೇರಿಯಲ್ಲಿ ಹುಟ್ಟುತ್ತದೆ, ಬೀದಿಗೆ ಆಮೇಲೆ ಇಳಿಯುತ್ತದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಂದರಿನ ಕೇರಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು ಪ್ಲೇಗನ್ನು ಗುರುತಿಸಿದರು. ಐದು ತಿಂಗಳು ಕಳೆಯುವುದರೊಳಗೆ, 1897ರ ಫೆಬ್ರವರಿ 4ರಂದು, ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಒಂದೆರಡು ಪುಟದ ಕಾಯ್ದೆ. ಕಲಮುಗಳು ನಾಲ್ಕೇ ನಾಲ್ಕು. ಸರ್ಕಾರ ತನಗೆ ಬೇಕೆನಿಸಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಪಾಲಿಸದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಆ ಕಾಯ್ದೆಯ ಬಲದಿಂದ ಪುಣೆಯಲ್ಲಿ ಡಬ್ಲ್ಯು.ಸಿ. ರ್‍ಯಾಂಡ್ ಎಂಬ ಐಸಿಎಸ್ ಅಧಿಕಾರಿ ಮನೆಮನೆಗೆ ಸೋಲ್ಜರುಗಳನ್ನು ನುಗ್ಗಿಸಿದ. ಅಡುಗೆಮನೆ, ದೇವರಮನೆ ಯಾವುದನ್ನೂ ಬಿಡಲಿಲ್ಲ. ಗಡ್ಡೆ ಎದ್ದಿದೆಯೇ ಎಂದು ನೋಡಲು ಹೆಂಗಸರನ್ನು ಮೈಮುಟ್ಟಿ ಪರೀಕ್ಷಿಸುತ್ತಾರೆ ಎಂಬ ಸಿಟ್ಟು ಊರಿಡೀ ಕುದಿಯಿತು. ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಗಣೇಶಖಿಂಡದಿಂದ ಮರಳುತ್ತಿದ್ದ ರ್‍ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮುಂದಿನದು ನಿಮಗೆ ಪಾಠದ ಪುಸ್ತಕದಿಂದಲೇ ಗೊತ್ತು. ಆ ವರ್ಷವೇ 'ಕೇಸರಿ' ಪತ್ರಿಕೆಯ ಬರಹಗಳಿಗಾಗಿ ತಿಲಕರು ಜೈಲಿಗೆ ಹೋದದ್ದೂ ಗೊತ್ತು.

ಪಾಠದ ಪುಸ್ತಕ ಹೇಳದ ಸಂಗತಿ ಬೇರೊಂದಿದೆ. ಅಷ್ಟೆಲ್ಲ ದರ್ಪ ನಡೆಸಿದ ಸರ್ಕಾರದ ಹತ್ತಿರ ಪ್ಲೇಗು ಹೇಗೆ ಹರಡುತ್ತದೆ ಎಂಬುದಕ್ಕೆ ಸರಿಯಾದ ಉತ್ತರ ಇರಲಿಲ್ಲ. ನೆಲದ ಹೊಲಸು, ಕೆಟ್ಟ ಗಾಳಿ, ರೋಗಿಯ ಬಟ್ಟೆಬರೆ ಎಂಬ ಊಹೆಗಳಿದ್ದವು. ಆದ್ದರಿಂದ ಮನೆಯ ಹಂಚು ತೆಗೆದು ಬಿಸಿಲು ಬಿಡುವುದು, ನೆಲ ಅಗೆಯುವುದು, ಕಾರ್ಬಾಲಿಕ್ ದ್ರಾವಣ ಚೆಲ್ಲುವುದು, ಸುಣ್ಣ ಬಳಿಯುವುದು, ಹಾಸಿಗೆ ಸುಡುವುದು ನಡೆಯಿತು. ಇಲಿಗಳು ಈ ಮನೆಯಿಂದ ಆ ಮನೆಗೆ ಓಡಿದವು. 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಇಲಿಯಿಂದ ಇಲಿಗೆ ರೋಗ ದಾಟಿಸುವುದು ಚಿಗಟ ಎಂದು ಪ್ರಯೋಗ ಮಾಡಿ ತೋರಿಸಿದ. ಸರ್ಕಾರ ನೇಮಿಸಿದ್ದ ಆಗಿನ ಪ್ಲೇಗ್ ಆಯೋಗ ಅದನ್ನು ಪರಿಗಣಿಸಲೂ ಯೋಗ್ಯವಲ್ಲವೆಂದು ಪಕ್ಕಕ್ಕಿಟ್ಟಿತು. ಚಿಗಟದ ಮಾತು ಸರ್ಕಾರಿ ಸತ್ಯವಾಗಲು ಮತ್ತೆ ಹತ್ತು ವರ್ಷದ ಹತ್ತಿರ ಹತ್ತಿರ ಬೇಕಾಯಿತು.

ಅದೇ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು? "ಇಲಿ ಬಿತ್ತು" ಎಂದರೆ ಸಾಕು, ಊರು ಖಾಲಿ. ಅಟ್ಟದಿಂದ ಸತ್ತ ಇಲಿ ಬಿದ್ದ ಮನೆಯವರು ಗಂಟುಮೂಟೆ ಕಟ್ಟಿ ಹೊಲಕ್ಕೆ ಹೋಗಿ ಜೋಪಡಿ ಹಾಕುತ್ತಿದ್ದರು. ಚಿಗಟದ ಸಂಗತಿ ಅವರಿಗೆ ತಿಳಿದಿರಲಿಲ್ಲ, ಪ್ಲೇಗಮ್ಮನಿಗೆ ಹರಕೆಯನ್ನೂ ಹೊರುತ್ತಿದ್ದರು. ಆದರೆ ಇಲಿ ಸಾಯುವುದಕ್ಕೂ ಮನುಷ್ಯ ಸಾಯುವುದಕ್ಕೂ ನಡುವೆ ಕೆಲವು ದಿನಗಳ ಅಂತರವಿದೆ, ಆ ಅಂತರದಲ್ಲಿ ಹೊರಬಿದ್ದವರು ಉಳಿಯುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಒಳ್ಳೆಯ ರೋಗ ಸರ್ವೇಕ್ಷಣೆ. ಜನರ ಈ ಅನುಭವವನ್ನು ಕಡತಕ್ಕೆ ತಂದ ಅಧಿಕಾರಿಗಳು ಇರಲಿಲ್ಲವೆಂದಲ್ಲ. ಅದನ್ನು ಸಾಕ್ಷ್ಯವೆಂದು ಎಣಿಸಿದವರು ಕಡಿಮೆ.

ಹುಬ್ಬಳ್ಳಿಗೆ ಬರುತ್ತೇನೆ. ಹಾಫ್ಕಿನ್ ಎಂಬ ಒಡೆಸ್ಸಾದ ಯಹೂದಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಳಗಿದವನು, ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಕೂತು ಕೆಲವೇ ತಿಂಗಳಲ್ಲಿ ಪ್ಲೇಗಿನ ಲಸಿಕೆ ಮಾಡಿದ. 1897ರ ಜನವರಿ 10ರಂದು ಮೊದಲ ಸೂಜಿಯನ್ನು ತನಗೇ ಹಾಕಿಸಿಕೊಂಡ. ಆತ ವೈದ್ಯಕೀಯ ಪದವೀಧರನಲ್ಲ, ಪ್ರಾಣಿಶಾಸ್ತ್ರಜ್ಞ. ಇಂಡಿಯನ್ ಮೆಡಿಕಲ್ ಸರ್ವಿಸ್ಸಿನ ಸಾಹೇಬರ ಕಣ್ಣಿಗೆ ಅವನು ಎಂದೂ ಹೊರಗಿನವನೇ. 1898ರಲ್ಲಿ ಪ್ಲೇಗು ಹುಬ್ಬಳ್ಳಿಗೆ ಬಂತು. ಮುಂಬಯಿ ಪ್ರಾಂತದ ಊರು, ರೈಲಿನ ಜಂಕ್ಷನ್, ಅರಳೆಯ ಪೇಟೆ. ರೋಗ ಬಾರದಿದ್ದರೆ ಆಶ್ಚರ್ಯ. ಅಲ್ಲಿ ಡಾ. ಲ್ಯೂಮನ್ ಎಂಬ ವೈದ್ಯ ಸುಮಾರು ಐವತ್ತು ಸಾವಿರ ಜನಸಂಖ್ಯೆಯ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಕೆಲವೇ ತಿಂಗಳಲ್ಲಿ ಚುಚ್ಚುಮದ್ದು ಹಾಕಿದ. ಇತ್ತ ಧಾರವಾಡದಲ್ಲಿ ಮಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕೆಲಸಕ್ಕೆ ನಿಂತಿದ್ದಳು. ಪುಣೆಯಲ್ಲಿ ಗುಂಡು ಹಾರಿ ಆಗ ಒಂದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ.

ಜನ ಮನಸಾರೆ ಒಪ್ಪಿ ಬಂದರು ಎಂದು ನಾನು ಹೇಳಲಾರೆ. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು, ಅದನ್ನು ತೋರಿಸಿದರೆ ರೈಲಿನ ತಪಾಸಣೆ, ತಡೆಗಳಿಂದ ವಿನಾಯಿತಿ. ವ್ಯಾಪಾರದ ಊರಿಗೆ ಅದು ದೊಡ್ಡ ಆಮಿಷ. ಸುತ್ತಮುತ್ತ ಸಾಯುತ್ತಿದ್ದವರ ಭಯವೂ ಇತ್ತು. ಆದರೂ ಪುಣೆಗೂ ಹುಬ್ಬಳ್ಳಿಗೂ ಒಂದು ವ್ಯತ್ಯಾಸ ಸ್ಪಷ್ಟ. ಪುಣೆಯಲ್ಲಿ ಮನುಷ್ಯನನ್ನು ರೋಗದ ಗೂಡು ಎಂದು ಹುಡುಕಿ ಹಿಡಿದರು. ಹುಬ್ಬಳ್ಳಿಯಲ್ಲಿ ಅವನು ತೋಳು ಚಾಚಿ ನಿಂತ, ಪಕ್ಕದ ಮನೆಯವನಿಗೆ ಏನಾಯಿತು ಎಂದು ನೋಡಿ ಮರುವಾರ ಎರಡನೆಯ ಸೂಜಿಗೆ ಬರಬೇಕೋ ಬೇಡವೋ ಲೆಕ್ಕ ಹಾಕಿದ. ಆ ಲೆಕ್ಕ ಹಾಕಲು ಅವನಿಗೆ ಬರುತ್ತದೆ ಎಂದು ಯಾರೋ ಒಪ್ಪಿಕೊಂಡಿದ್ದರು. ಅಂಕಿಅಂಶಗಳಲ್ಲಿ ಕೊರತೆ ಇದೆ ಎಂದು ಗೊಣಗುತ್ತಲೇ, ಲಸಿಕೆಯಿಂದ ರೋಗವೂ ಸಾವೂ ತಗ್ಗುತ್ತವೆ, ಪೂರ್ತಿ ರಕ್ಷಣೆ ಮಾತ್ರ ಸಿಗುವುದಿಲ್ಲ ಎಂದು ಅದೇ ಪ್ಲೇಗ್ ಆಯೋಗ ಒಪ್ಪಿತು.

ಈ ನಂಬಿಕೆ ಮುರಿದದ್ದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ. 1902ರ ಅಕ್ಟೋಬರ್ 30ರಂದು ಅಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 53ಎನ್ ಎಂಬ ಗುರುತಿನ ಒಂದೇ ಶೀಷೆಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಪಂಜಾಬಿನ ಬೇಡಿಕೆ ದೊಡ್ಡದಿತ್ತು. ಲಸಿಕೆ ಬೇಗ ತಯಾರಾಗಲೆಂದು ಹಾಫ್ಕಿನ್ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು ಬರಿಯ ಕಾವಿನಿಂದ ಶುದ್ಧಿ ಮಾಡುವ ಹೊಸ ಕ್ರಮಕ್ಕೆ ಬಂದಿದ್ದ. ತನಿಖೆಯವರಿಗೆ ಅಷ್ಟು ಸಾಕಾಯಿತು. ಕಳಂಕ ಮುಂಬಯಿಯ ಪ್ರಯೋಗಾಲಯದಲ್ಲೇ ಸೇರಿತು ಎಂದರು. ಹಾಫ್ಕಿನ್‌ನನ್ನು ಕೆಲಸದಿಂದ ದೂರವಿಟ್ಟರು. ಆದರೆ ಸಾಕ್ಷ್ಯದಲ್ಲಿ ಇನ್ನೆರಡು ಸಂಗತಿಗಳಿದ್ದವು. ಆ ಶೀಷೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಉರಿಗೆ ಹಿಡಿಯದೆ ದ್ರಾವಣದಲ್ಲಿ ಅದ್ದಿ ಅದರಿಂದಲೇ ಬಿರಡೆ ಕಿತ್ತಿದ್ದ. ಶೀಷೆ ತೆರೆದಾಗ ಕೆಟ್ಟ ವಾಸನೆ ಇರಲಿಲ್ಲ; ಮುಂಬಯಿಯಲ್ಲೇ ಧನುರ್ವಾಯುವಿನ ರೋಗಾಣು ಸೇರಿ ದಿನಗಟ್ಟಲೆ ಬೆಳೆದಿದ್ದರೆ ಮೂಗಿಗೆ ಬಡಿಯಬೇಕಿತ್ತು. ಈ ದಾಖಲೆಗಳು ಪೂರ್ತಿಯಾಗಿ ಹೊರಬರಲು ನಾಲ್ಕು ವರ್ಷ ಹಿಡಿಯಿತು. 1907ರಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್'ಗೆ ಪತ್ರ ಬರೆದು ಹೋರಾಡಿದ ಮೇಲೆ ಹಾಫ್ಕಿನ್ ದೋಷಮುಕ್ತನಾದ. ಮರಳಿ ಕೆಲಸ ಸಿಕ್ಕಿದ್ದು ಕಲ್ಕತ್ತೆಯಲ್ಲಿ, ತಾನು ಕಟ್ಟಿದ ಮುಂಬಯಿಯ ಪ್ರಯೋಗಾಲಯದಲ್ಲಲ್ಲ.

ಆ ನಾಲ್ಕು ವರ್ಷಗಳ ಬೆಲೆ ಯಾರು ತೆತ್ತರು ಎಂದು ಕೇಳಿ. ಪಂಜಾಬಿನಲ್ಲಿ ಲಸಿಕೆಯ ಹೆಸರೆತ್ತಿದರೆ ಜನ ಬಾಗಿಲು ಹಾಕಿಕೊಂಡರು. 1907ರ ಒಂದೇ ವರ್ಷದಲ್ಲಿ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರು, ಅತಿ ಹೆಚ್ಚು ಪಂಜಾಬಿನಲ್ಲಿ. ಲಸಿಕೆ ಒಂದರಿಂದಲೇ ಅದೆಲ್ಲ ತಪ್ಪುತ್ತಿತ್ತು ಎನ್ನುವುದು ಅತಿಯಾದೀತು. ಆದರೆ 19 ಸಾವಿನ ಕಾರಣವನ್ನು, ಚಿಮಟ ನೆಲಕ್ಕೆ ಬಿದ್ದ ಸಂಗತಿಯನ್ನೂ ಸೇರಿಸಿ, ಆ ತಿಂಗಳೇ ಊರಿನ ಮುಂದೆ ಇಟ್ಟಿದ್ದರೆ? ಪಂಜಾಬಿನ ರೈತನಿಗೆ ಕೈಜಾರುವುದು ಏನೆಂದು ಗೊತ್ತಿಲ್ಲವೆ? ಮುಚ್ಚಿಟ್ಟದ್ದನ್ನು ಮಾತ್ರ ಅವನು ಸಂಚೆಂದೇ ಎಣಿಸಿದ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಎಣಿಸುತ್ತಿದ್ದೆ.

ಈಗ 2020ಕ್ಕೆ ಬರೋಣ. ಅದೇ 1897ರ ಕಾಯ್ದೆಯನ್ನು ಮಾರ್ಚ್ ತಿಂಗಳಲ್ಲಿ ಧೂಳು ಕೊಡವಿ ಹೊರತೆಗೆದರು. ಅದರಡಿ ಕೋವಿಡ್ ನಿಯಮಗಳನ್ನು ಹೊರಡಿಸಿದ ಮೊದಲ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ದೇಶದ ಮೊದಲ ಕೋವಿಡ್ ಸಾವು ಆ ತಿಂಗಳ 12ರಂದು ಕಲಬುರಗಿಯಲ್ಲಿ ದೃಢಪಟ್ಟಿತು.

ಮಾಸ್ಕಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೆಬ್ರವರಿ 29ರಂದು ಅಮೆರಿಕದ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಟ್ವಿಟರ್‌ನಲ್ಲಿ ಜನರಿಗೆ ಮಾಸ್ಕು ಕೊಳ್ಳುವುದನ್ನು ನಿಲ್ಲಿಸಿ ಎಂದರು. ಸಾಮಾನ್ಯರಿಗೆ ಅದರಿಂದ ರಕ್ಷಣೆ ಇಲ್ಲ. ಆದರೆ ಆಸ್ಪತ್ರೆಯ ಸಿಬ್ಬಂದಿಗೆ ಮಾಸ್ಕು ಸಿಗದಿದ್ದರೆ ಎಲ್ಲರಿಗೂ ಅಪಾಯ. ಎರಡೂ ಒಂದೇ ಉಸಿರಿನಲ್ಲಿ. ದಾದಿಯ ಮೂಗಿಗೆ ಕೆಲಸ ಮಾಡುವ ಬಟ್ಟೆ ನನ್ನ ಮೂಗಿಗೆ ಯಾಕೆ ಮಾಡುವುದಿಲ್ಲ ಎಂದು ಶಾಲೆಯ ಹುಡುಗಿಯೂ ಕೇಳುತ್ತಾಳೆ, ಜನ ಕೇಳಿದರು ಕೂಡ. ಏಪ್ರಿಲ್ 3ಕ್ಕೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಲ್ಲರೂ ಬಟ್ಟೆಯ ಮಾಸ್ಕು ಹಾಕಿ ಎಂದಿತು. ಅದೇ ದಿನಗಳಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಮನೆಯಲ್ಲೇ ಹೊಲಿದ ಮುಖಗವಸು ಧರಿಸಲು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಅಲ್ಲಿಗೆ ಬಂದದ್ದು ಜೂನ್ 5ಕ್ಕೆ.

ಸಲಹೆ ಬದಲಾದದ್ದರ ಮೇಲೆ ನನಗೆ ದೂರಿಲ್ಲ. ಹೊಸ ಸಾಕ್ಷ್ಯ ಬಂದಾಗ ಬದಲಾಗದ ಸಲಹೆಯೇ ಅಪಾಯಕಾರಿ. ದೂರು ಇರುವುದು ಮೊದಲ ಸಲಹೆಯ ಒಳಗಿನ ಲೆಕ್ಕದ ಮೇಲೆ. ಮಾಸ್ಕು ಕಡಿಮೆ ಇವೆ, ಸದ್ಯಕ್ಕೆ ಆಸ್ಪತ್ರೆಯವರಿಗೆ ಬಿಡಿ, ನೀವು ಹಳೆಯ ಪಂಚೆ ಹರಿದು ಕಟ್ಟಿಕೊಳ್ಳಿ, ಅದು ಎಷ್ಟು ಕಾಪಾಡುತ್ತದೋ ನಮಗೂ ಖಚಿತವಿಲ್ಲ: ಇಷ್ಟನ್ನು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನಿಜ ಹೇಳಿದರೆ ಜನ ಅಂಗಡಿಗೆ ಮುಗಿಬೀಳುತ್ತಾರೆ ಎಂಬ ಭಯ. ಜನ ಹೇಗೂ ಮುಗಿಬಿದ್ದರು. ಉಳಿದದ್ದು ಸುಳ್ಳಿನ ನೆನಪು. ಆಮೇಲೆ ಬಂದ ನಿಜವಾದ ಸಲಹೆಗೂ ಅದು ಅಂಟಿಕೊಂಡಿತು. ನಮ್ಮಲ್ಲಿ ದಂಡದ ಕಥೆ ಬೇರೆ. 2020ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ನಗರಗಳಲ್ಲಿ ಮಾಸ್ಕಿಲ್ಲದವರಿಗೆ ದಂಡವನ್ನು 1000 ರೂಪಾಯಿಗೆ ಏರಿಸಿ, ಗಲಾಟೆ ಆದಮೇಲೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ವೈರಾಣು ಅಷ್ಟು ದಿನಗಳಲ್ಲಿ ಮುಕ್ಕಾಲು ಪಾಲು ಸೌಮ್ಯವಾಗಿರಲಿಲ್ಲ. ಏರಿಸಿದ್ದು ಯಾಕೆ, ಇಳಿಸಿದ್ದು ಯಾಕೆ ಎಂದು ರೋಗಶಾಸ್ತ್ರದ ಮಾತಿನಲ್ಲಿ ಯಾರಾದರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ಗಾಳಿಯ ವಿಷಯ ಇನ್ನೂ ಆಳವಾದದ್ದು. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ, ಇದು ವಾಸ್ತವ ಎಂದು ಘೋಷಿಸಿತು. ಅದಕ್ಕೆ ಆಧಾರವಾದ ಪಾಠ ಹಳೆಯದು: 5 ಮೈಕ್ರಾನಿಗಿಂತ ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ, ಚಿಕ್ಕವು ಮಾತ್ರ ತೇಲುತ್ತವೆ. ಈ ಐದರ ಅಂಕಿ ಎಲ್ಲಿಂದ ಬಂತು ಎಂದು ವರ್ಜೀನಿಯಾದ ಲಿನ್ಸಿ ಮಾರ್ ಮತ್ತು ಅವರ ಸಂಗಡಿಗರು ಹಳೆಯ ಪತ್ರಿಕೆಗಳನ್ನು ಬಗೆದು ನೋಡಿದರು. ಕ್ಷಯದ ರೋಗಾಣು ಶ್ವಾಸಕೋಶದ ತಳ ಮುಟ್ಟಲು ಬೇಕಾದ ಗಾತ್ರದ ಅಂಕಿ ಅದು. ಯಾವುದೋ ಕಾಲದಲ್ಲಿ ಹನಿ ತೇಲುವ ಗಾತ್ರವೆಂದು ತಪ್ಪಾಗಿ ಪಠ್ಯಕ್ಕೆ ಸೇರಿಕೊಂಡಿತ್ತು. 1930ರ ದಶಕದಲ್ಲಿ ವಿಲಿಯಂ ವೆಲ್ಸ್ ಲೆಕ್ಕ ಹಾಕಿ ಕೊಟ್ಟಿದ್ದ ಗಡಿ ಸುಮಾರು 100 ಮೈಕ್ರಾನ್. ನನ್ನ ತಲೆಮಾರಿನ ಮೇಷ್ಟ್ರುಗಳೆಲ್ಲ ಐದನ್ನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆವು, ವಿದ್ಯಾರ್ಥಿಗಳು ಬರೆದು ಪಾಸಾಗಿದ್ದರು.

ಆದರೆ ಅಂಕಿಯ ತಪ್ಪಿಗಿಂತ ನನ್ನನ್ನು ಹೆಚ್ಚು ಕಾಡಿದವನು ಚಾರ್ಲ್ಸ್ ಚಾಪಿನ್, ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ. ಕೆಟ್ಟ ಗಾಳಿಯೇ ಎಲ್ಲ ರೋಗಕ್ಕೂ ಮೂಲ ಎಂಬ ಹಳೆಯ ನಂಬಿಕೆಯನ್ನು 1910ರ ತನ್ನ ಗ್ರಂಥದಲ್ಲಿ ಆತ ಬಗ್ಗುಬಡಿದ, ಬಹುಮಟ್ಟಿಗೆ ಸರಿಯಾಗಿಯೇ. ಜೊತೆಗೆ ಇನ್ನೊಂದು ಕಾರಣವನ್ನೂ ಸೇರಿಸಿದ: ಗಾಳಿಯಿಂದ ರೋಗ ಬರುತ್ತದೆ ಎಂದು ಜನ ನಂಬಿರುವವರೆಗೆ ಮುಟ್ಟುವುದರಿಂದ ಬರುವ ಸೋಂಕಿನ ಬಗ್ಗೆ ಅವರಿಗೆ ಎಚ್ಚರ ಕಲಿಸುವುದು ಅಸಾಧ್ಯ. ಗಮನಿಸಿ, ಇದು ಗಾಳಿಯ ಬಗೆಗಿನ ಸಾಕ್ಷ್ಯವಲ್ಲ, ಜನರ ಬಗೆಗಿನ ಊಹೆ. ಜನ ಒಂದು ಕಾಲಕ್ಕೆ ಎರಡು ಸಂಗತಿ ತಲೆಯಲ್ಲಿಟ್ಟುಕೊಳ್ಳಲಾರರು ಎಂಬ ಊಹೆ ರೋಗವಿಜ್ಞಾನದ ಒಳಗೇ ಹೊಕ್ಕು ನೂರು ವರ್ಷ ಕೂತಿತು. 2020ರ ಜುಲೈನಲ್ಲಿ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಬಹಿರಂಗ ಪತ್ರವನ್ನು 239 ವಿಜ್ಞಾನಿಗಳು ಬೆಂಬಲಿಸಿದರು. ಆದರೂ ಗಾಳಿಯಲ್ಲಿ ತೇಲುವ ಕಣಗಳನ್ನು ಉಸಿರಾಡುವುದರಿಂದಲೂ ಸೋಂಕು ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾಹಿತಿಯಲ್ಲಿ ಸ್ಪಷ್ಟವಾಗಿ ಒಪ್ಪಿಕೊಳ್ಳಲು 2021ರ ಏಪ್ರಿಲ್ ಕೊನೆ ಬರಬೇಕಾಯಿತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಆಕ್ಸಿಜನ್ ಸಿಲಿಂಡರಿಗೆ ಜನ ರಾತ್ರಿಯಿಡೀ ಅಲೆಯುತ್ತಿದ್ದರು. ಅಲ್ಲಿಯವರೆಗೂ ನಾವು ಬಾಗಿಲ ಹಿಡಿಕೆ ಒರೆಸಿದೆವು, ರಸ್ತೆಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದೆವು, ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಕೋವಿಡ್ ನಿಯಂತ್ರಣದ ಸಭೆ ನಡೆಸಿದೆವು. 1897ರ ಸುಣ್ಣ, ಕಾರ್ಬಾಲಿಕ್ ನೆನಪಾಗುತ್ತದೆ.

ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾದ ಚಿಕಿತ್ಸೆಯ ಮಾತನ್ನು ಬೇಗ ಮುಗಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಸೊಗಸಾದ ಪರೀಕ್ಷೆ ನಡೆಸಿ, ಪ್ಲಾಸ್ಮಾದಿಂದ ಸಾವು ತಪ್ಪುವುದಿಲ್ಲ, ರೋಗ ಉಲ್ಬಣಿಸುವುದೂ ನಿಲ್ಲುವುದಿಲ್ಲ ಎಂದು ತೋರಿಸಿತು. ಫಲಿತಾಂಶ 2020ರ ಅಕ್ಟೋಬರಿನಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳು ಎಷ್ಟು ಮನೆಯವರು ದಾನಿಗಳನ್ನು ಹುಡುಕಿ ಫೋನು ಮಾಡಿದರೋ! ನಮ್ಮದೇ ಸಂಸ್ಥೆ ತಂದ ಸಾಕ್ಷ್ಯವನ್ನು ನಾವೇ ನಂಬದಿದ್ದಾಗ ಜನರ ಅಪನಂಬಿಕೆಯ ಬಗ್ಗೆ ಭಾಷಣ ಮಾಡಲು ಧೈರ್ಯ ಬೇಕು.

ಲಸಿಕೆಯ ವಿಷಯದಲ್ಲಿ ಇದು ತಿರುಗುಮುರುಗಾಯಿತು: ಸಾಕ್ಷ್ಯ ಬರುವ ಮೊದಲೇ ತೀರ್ಮಾನ ಬಂತು. 2021ರ ಜನವರಿ 3ರಂದು ದೇಶೀಯ ಲಸಿಕೆ ಕೊವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಮೂರನೆಯ ಹಂತದ ಪರಿಣಾಮದ ಅಂಕಿಗಳು ಇನ್ನೂ ಬಂದಿರಲಿಲ್ಲ; 'ಕ್ಲಿನಿಕಲ್ ಟ್ರಯಲ್ ಮಾದರಿಯಲ್ಲಿ' ಎಂಬ ವಿಚಿತ್ರ ಷರತ್ತು ಹಾಕಿದ್ದರು. ಅದರ ಅರ್ಥವೇನೆಂದು ನನ್ನ ವಿದ್ಯಾರ್ಥಿಗಳು ಕೇಳಿದರು, ನನಗೂ ಹೇಳಲಾಗಲಿಲ್ಲ. ಜನವರಿ 16ರಂದು ಅಭಿಯಾನ ಆರಂಭವಾದ ದಿನವೇ ದೆಹಲಿಯ ಒಂದು ದೊಡ್ಡ ಆಸ್ಪತ್ರೆಯ ಯುವ ವೈದ್ಯರು ತಮಗೆ ಇನ್ನೊಂದು ಲಸಿಕೆಯಾದ ಕೊವಿಶೀಲ್ಡ್ ಕೊಡಿ ಎಂದು ಪತ್ರ ಬರೆದರು. ಪ್ರಶ್ನೆ ಕೇಳಿದವರನ್ನು ದೇಶಾಭಿಮಾನ ಇಲ್ಲದವರೆಂದು ಜರೆದವರೂ ಇದ್ದರು. ಮಾರ್ಚಿನಲ್ಲಿ ಅಂಕಿಗಳು ಬಂದವು, ಚೆನ್ನಾಗಿಯೇ ಇದ್ದವು; ಅಂತಿಮ ಲೆಕ್ಕದಲ್ಲಿ ಪರಿಣಾಮ ಶೇಕಡಾ 77.8. ಎರಡು ತಿಂಗಳು ಕಾದಿದ್ದರೆ, ಅಥವಾ ಅಂಕಿ ಇನ್ನೂ ಬಂದಿಲ್ಲ, ತುರ್ತಿಗಾಗಿ ಈ ತೀರ್ಮಾನ ಮಾಡಿದ್ದೇವೆ ಎಂದು ನೇರವಾಗಿ ಹೇಳಿದ್ದರೆ, ಒಳ್ಳೆಯ ಲಸಿಕೆಯೊಂದು ಅನುಮಾನದ ನೆರಳಿನಲ್ಲಿ ಹುಟ್ಟಬೇಕಾಗಿರಲಿಲ್ಲ.

ಇಲ್ಲಿ ಅಧಿಕಾರಿಗಳ ಪರವಾಗಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ನನ್ನ ವಾದ ಒಂಟಿಗಾಲಿನದಾಗುತ್ತದೆ. ಇದ್ದದ್ದನ್ನು ಇದ್ದಂತೆ ಹೇಳುವುದು ಪುಕ್ಕಟೆಯಲ್ಲ. ಡೆನ್ಮಾರ್ಕಿನ ಮೈಕೆಲ್ ಬ್ಯಾಂಗ್ ಪೀಟರ್ಸನ್ ಮತ್ತು ಸಂಗಡಿಗರು ತಮ್ಮ ದೇಶದಲ್ಲೂ ಅಮೆರಿಕದಲ್ಲೂ ಮಾಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಲಸಿಕೆಯ ಕೊರತೆಗಳನ್ನು ಮುಚ್ಚದೆ ಹೇಳಿದರೆ ಲಸಿಕೆ ಹಾಕಿಸಿಕೊಳ್ಳುವ ಮನಸ್ಸು ಸ್ವಲ್ಪ ಇಳಿಯುತ್ತದೆ, ಆದರೆ ಆರೋಗ್ಯಾಧಿಕಾರಿಗಳ ಮೇಲಿನ ನಂಬಿಕೆ ಏರುತ್ತದೆ. ಅಸ್ಪಷ್ಟವಾಗಿ ಸಮಾಧಾನ ಹೇಳಿದರೆ ಮನಸ್ಸೂ ಏರುವುದಿಲ್ಲ, ನಂಬಿಕೆಯೂ ಇಳಿಯುತ್ತದೆ, ಸಂಚಿನ ಕಥೆಗಳು ಬೆಳೆಯುತ್ತವೆ. ಮುಂದಿನ ವಾರದ ಗುರಿ ಮುಟ್ಟಬೇಕಾದ ಜಿಲ್ಲಾ ಅಧಿಕಾರಿಗೆ ಈ ಮೊದಲ ವಾಕ್ಯ ಸಿಹಿಯಲ್ಲ. ಅವರ ಬಡ್ತಿ ಗುರಿಯ ಮೇಲೆ ನಿಂತಿದೆ, ಹತ್ತು ವರ್ಷದ ನಂತರದ ನಂಬಿಕೆಯ ಮೇಲೆ ಅಲ್ಲ. ಆದ್ದರಿಂದ ಒಳ್ಳೆಯ ಅಧಿಕಾರಿಯನ್ನು ಹುಡುಕುವುದರಿಂದ ಈ ಸಮಸ್ಯೆ ಬಗೆಹರಿಯುವುದಿಲ್ಲ.

ಕಚೇರಿ ಮತ್ತು ಬೀದಿಯ ನಡುವೆ ನಿಜವಾಗಿ ಓಡಾಡಿದವರು ಯಾರು? ಈ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಬೆಳಿಗ್ಗೆ ಹಂಚಿದ ಸೂಚನೆಯನ್ನು ಸಂಜೆ ತಿದ್ದಬೇಕಾಗಿ ಬಂದಾಗಲೂ ಅದೇ ಬಾಗಿಲಿಗೆ ಮತ್ತೆ ಹೋಗಿ ನಿಂತರು. ಬೈಗುಳ ತಿಂದರು, ಕೆಲವೆಡೆ ಏಟನ್ನೂ ತಿಂದರು. ಬಾಗಿಲು ತೆರೆದದ್ದು ಸುತ್ತೋಲೆಗಲ್ಲ, ಪರಿಚಯದ ಮುಖಕ್ಕೆ: ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ, ಮಗುವಿಗೆ ಪೋಲಿಯೊ ಹನಿ ಹಾಕಿಸಿದ್ದ ಅಕ್ಕನಿಗೆ. ಹೀಗಿದ್ದೂ ಅವರು 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೊಡಿ, ರಕ್ಷಣಾ ಸಾಮಗ್ರಿ ಕೊಡಿ ಎಂದು ಸಾಂಕ್ರಾಮಿಕದ ನಡುವೆಯೇ ಕೆಲಸ ನಿಲ್ಲಿಸಿ ಕೂರಬೇಕಾಯಿತು. ಸಲಹೆ ಯಾಕೆ ಬದಲಾಯಿತು ಎಂದು ಮನೆಯವರು ಮೊದಲು ಕೇಳುವುದು ಇವರನ್ನು. ಇವರಿಗೆ ಆ ಕಾರಣವನ್ನು ಹೇಳುವ ಪದ್ಧತಿ ಇರಲಿಲ್ಲ. ಆದೇಶದ ಪಿಡಿಎಫ್ ವಾಟ್ಸಾಪಿನಲ್ಲಿ ಬರುತ್ತಿತ್ತು, ಅಷ್ಟೆ.

ಇನ್ನು 1897ರ ಕಾಯ್ದೆಯ ಆ ನಾಲ್ಕು ಕಲಮುಗಳು. 2020ರಲ್ಲಿ ಅದನ್ನು ತಿದ್ದಿ, ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಏಳು ವರ್ಷದವರೆಗೆ ಜೈಲು ಎಂದು ಸೇರಿಸಿದರು. ಬೇಕಾದದ್ದೇ. ಆದರೆ ಜನರಿಗೆ ಆಜ್ಞೆ ಮಾಡುವ ಅಧಿಕಾರಿ ಅವರಿಗೆ ಕಾರಣವನ್ನೂ ಹೇಳಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಕಾನೂನು ಬಲ್ಲವರು ಈ ಸಭೆಯಲ್ಲಿದ್ದಾರೆ, ಭಾಷೆಯನ್ನು ಅವರು ತಿದ್ದಲಿ. ನಾನು ಸೇರಿಸಬೇಕೆನ್ನುವ ಕಲಮು ಹೀಗಿದೆ. ಈ ಕಾಯ್ದೆಯಡಿ ಹೊರಡಿಸುವ ಪ್ರತಿ ಆದೇಶದ ಜೊತೆ, ಅದಕ್ಕೆ ಯಾವ ಸಾಕ್ಷ್ಯ ಆಧಾರ, ಯಾವುದು ಇನ್ನೂ ತಿಳಿದಿಲ್ಲ, ಯಾವ ದಿನಾಂಕದಂದು ಆದೇಶವನ್ನು ಮತ್ತೆ ಪರಿಶೀಲಿಸಲಾಗುವುದು, ಏನು ಕಂಡುಬಂದರೆ ಅದನ್ನು ಹಿಂತೆಗೆದುಕೊಳ್ಳಲಾಗುವುದು ಎಂಬುದನ್ನು ಆಯಾ ಪ್ರದೇಶದ ಭಾಷೆಯಲ್ಲಿ ಒಂದು ಪುಟ ಮೀರದಂತೆ ಬರೆದು, ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸತಕ್ಕದ್ದು. ಅದರ ಪ್ರತಿಯನ್ನು ಒಂದು ದಿನ ಮೊದಲು ಆಶಾ ಕಾರ್ಯಕರ್ತೆಯ ಕೈಗೆ ಕೊಡತಕ್ಕದ್ದು. ಪ್ರಶ್ನೆಗಳಿದ್ದರೆ ಕೇಳಿ, ಹಿಂದಿನ ಸಾಲಿನಿಂದ ಶುರುವಾಗಲಿ.